ಗೃಹಸ್ಥರ ಪ್ರವಾಸ: ಬೆಂದು ಚಿಗುರಿದ ದ್ರಾಕ್ಷಿಯ ಕಣಿವೆಗಳಿಗೆ

ಮಕ್ಕಳು ಉದ್ಯೋಗನಿಮಿತ್ತವಾಗಿ ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೆಲೆಸಿರುವ ತಂದೆತಾಯಿಗಳು ಇಂದು ನಮ್ಮ ವಾಚಕರಲ್ಲಿ ಬಹುಮಂದಿ ಇರುವರು. ಅವರು ಸ್ಯಾನ್ ಹೋಸೆ, ಫ್ರೀಮಾಂಟ್ ಮೊದಲಾದ ಊರುಗಳಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವಾಗ, ಮಕ್ಕಳು ಅವರನ್ನು ಮನೆಬಂಡಿಯಲ್ಲಿ ಕೂರಿಸಿಕೊಂಡು ನಾಲ್ಕು ದಿನ ಸುತ್ತಿಸಬೇಕೆಂದು ಬಯಸುವುದು ಸಹಜವೇ ಸರಿ. 'ಆರ್‌ವಿ' ಎಂದು ಅಲ್ಲಿಯವರು ಕರೆಯುವ ಈ ಮೋಟಾರು ಬಂಡಿಯಲ್ಲಿ ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಅಡಕವಾಗಿರುವುವು. ವೃದ್ಧರಿಗೂ ಎಳೆಯ ಮಕ್ಕಳಿಗೂ ಇದು ಬಹಳ ಅನುಕೂಲವಾದ ವಾಹನ. ಶಾಕಾಹಾರಿಗಳಿಗಂತೂ ಹೋದೆಡೆಯಲ್ಲೆಲ್ಲ ಬಿಸಿಯಾದ ಅನ್ನ ಸಾರು ದೊರೆಯುವುದು.

ಹೀಗೆ ಹೊರಟವರು ನೋಡಬಯಸುವ ಸ್ಥಳಗಳಲ್ಲಿ ನಾಪಾ ಮತ್ತು ಸೊನೋಮಾ ಜಿಲ್ಲೆಗಳು ಮುಖ್ಯವಾದುವು. ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಕ್ಕೆ ಸುಮಾರು 50 ಮೈಲಿ ಹೋದರೆ, ಎರಡು ಕಡೆಯೂ ಬೆಟ್ಟಗಳು, ನಡುವೆ ಕಣ್ಣು ಹಾಯುವವರೆಗೆ ದ್ರಾಕ್ಷಿಯ ಸಾಲುಗಳು. ದ್ರಾಕ್ಷಾರಸದಿಂದ ಮದ್ಯವನ್ನು ತಯಾರಿಸುವುದರಲ್ಲಿ ಈ ನಾಡು ಲೋಕಪ್ರಸಿದ್ಧವಾದುದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದು ಪದೇ ಪದೇ ಕಾಳ್ಗಿಚ್ಚಿಗೆ ತುತ್ತಾಗಿದೆ. ಬೆಂಕಿ ಬಿದ್ದ ನಾಡಿಗೆ ವಿನೋದಕ್ಕಾಗಿ ಹೋಗುವುದು ಸರಿಯೆ? ಸಂಸಾರವನ್ನು ಕಟ್ಟಿಕೊಂಡು ಹೋದರೆ ಅಪಾಯವಿಲ್ಲವೆ? ಈ ಎರಡು ಪ್ರಶ್ನೆಗಳನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ನಡೆದ ಸಂಗತಿಯನ್ನು ತಿಳಿಯುವುದು ಅಗತ್ಯ. 2017ರ ಅಕ್ಟೋಬರ್ 8ರ ರಾತ್ರಿ ನಾಪಾ ಕಣಿವೆಯ ಕ್ಯಾಲಿಸ್ಟೋಗ ಊರಿನ ಬಳಿ ಹುಟ್ಟಿದ ಟಬ್ಸ್ ಎಂಬ ಬೆಂಕಿಯು, ಒಣಗಾಳಿಯ ಬಲದಿಂದ ಬೆಟ್ಟ ದಾಟಿ, ಆರು ಸಾಲಿನ ಹೆದ್ದಾರಿಯನ್ನೂ ಹಾರಿ, ಬೆಳಗಾಗುವುದರೊಳಗೆ ಸಾಂಟಾ ರೋಸಾ ನಗರದ ಕಾಫಿ ಪಾರ್ಕ್ ಬಡಾವಣೆಯನ್ನು ಬೂದಿಮಾಡಿತು. 22 ಮಂದಿ ಮಡಿದರು. 5,600ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುವು. 2019ರಲ್ಲಿ ಸೊನೋಮಾದಲ್ಲಿ ಕಿಂಕೇಡ್ ಬೆಂಕಿ 77,000 ಎಕರೆಗೂ ಮಿಕ್ಕ ಪ್ರದೇಶವನ್ನು ಸುಟ್ಟಿತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಆರುವ ಮೊದಲೇ, ಸೆಪ್ಟೆಂಬರ್ 27ರಂದು ಗ್ಲಾಸ್ ಬೆಂಕಿ ಎದ್ದು ಸುಮಾರು 67,000 ಎಕರೆಯನ್ನೂ 1,500ಕ್ಕೆ ಮೇಲ್ಪಟ್ಟ ಕಟ್ಟಡಗಳನ್ನೂ ನುಂಗಿತು. 2025ರ ಆಗಸ್ಟಿನಲ್ಲಿಯೂ ಕ್ಯಾಲಿಸ್ಟೋಗದ ಬಳಿ ಪಿಕೆಟ್ ಬೆಂಕಿ ಸುಮಾರು 6,800 ಎಕರೆಯನ್ನು ಸುಟ್ಟಿತು.

ಇಷ್ಟನ್ನು ಕೇಳಿದವರು ಆ ನಾಡೆಲ್ಲ ಕರಿಕಾಗಿರಬೇಕೆಂದು ಭಾವಿಸಿಯಾರು. ಹಾಗಲ್ಲ. ದ್ರಾಕ್ಷಿಯ ತೋಟಕ್ಕೆ ನೀರುಣಿಸುವುದರಿಂದಲೂ, ಸಾಲುಗಳ ನಡುವೆ ಒಣಹುಲ್ಲು ಪೊದೆಗಳು ಕಡಮೆಯಾಗಿರುವುದರಿಂದಲೂ, ಹಸಿರು ಬಳ್ಳಿಯು ಬೇಗ ಹೊತ್ತಿಕೊಳ್ಳದು. ಎಷ್ಟೋ ಕಡೆ ಬೆಂಕಿ ತೋಟದ ಅಂಚಿಗೆ ಬಂದು ನಿಂತಿತು. ಹೆಚ್ಚಾಗಿ ಸುಟ್ಟುದು ಬೆಟ್ಟದ ಕಾಡು, ಮನೆಗಳು, ಉಗ್ರಾಣಗಳು. ಬಳ್ಳಿ ಉಳಿದರೂ ಬೆಳೆ ಉಳಿಯಲಿಲ್ಲವೆಂಬುದು ಬೇರೆ ಸಂಕಟ. ಮರ ಸುಟ್ಟ ಹೊಗೆಯ ಸೂಕ್ಷ್ಮದ್ರವ್ಯಗಳು ಹಣ್ಣಿನ ಸಿಪ್ಪೆಯ ಮೂಲಕ ಒಳಸೇರಿ, ಅಲ್ಲಿಯ ಸಕ್ಕರೆಯೊಡನೆ ಕೂಡಿ ಅಡಗಿಕೊಳ್ಳುವುವು; ಹಣ್ಣನ್ನು ತಿಂದರೆ ತಿಳಿಯದಿದ್ದರೂ, ರಸ ಹುಳಿತಾಗ ಬಿಡಿಸಿಕೊಂಡು ಬೂದಿಯ ರುಚಿ ಕೊಡುವುವು. ಕೆಂಪು ಮದ್ಯವನ್ನು ಸಿಪ್ಪೆಯೊಡನೆ ಹುಳಿಸುವುದರಿಂದ ಅದಕ್ಕೇ ಹಾನಿ ಹೆಚ್ಚು. 2020ರಲ್ಲಿ ಅನೇಕರು ಬೆಳೆದ ಹಣ್ಣನ್ನು ಕೊಯ್ಯದೆ ಬಳ್ಳಿಯಲ್ಲಿಯೇ ಬಿಟ್ಟರು. ತೋಟದ ಒಡೆಯನಿಗೆ ವಿಮೆಯಾದರೂ ಇದ್ದೀತು. ಕೊಯ್ಲಿನ ಕೂಲಿಯನ್ನೇ ನಂಬಿದ, ಬಹುಪಾಲು ಮೆಕ್ಸಿಕೋ ಮೂಲದ ಕೆಲಸಗಾರರಿಗೆ ಆ ಕಾಲ ಉಪವಾಸದ ಕಾಲ.

ಇಲ್ಲಿಯೇ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುವುದು. ಬೆಂಕಿ ಆರಿದ ಮೇಲೆ ಬರುವವರು ಬಾರದೆ ಹೋದರೆ ಅದೇ ಎರಡನೆಯ ಬೆಂಕಿ. ಊಟದಂಗಡಿ, ತಂಗುಮನೆ, ತೋಟ, ಅಂಗಡಿಬೀದಿಗಳೆಲ್ಲ ಪ್ರವಾಸಿಗಳನ್ನು ನೆಚ್ಚಿರುವುವು. ಕಷ್ಟ ಕಂಡ ಮನೆಗೆ ಹೋಗಿ ಮಾತನಾಡಿಸಿ ಬರುವುದು ನಮ್ಮಲ್ಲಿ ಪದ್ಧತಿ, ಹೋಗದಿರುವುದೇ ತಪ್ಪು. ಆದರೆ ಅಂಥ ಮನೆಗೆ ಹೋದವರು ಭಾರವಾಗಕೂಡದೆಂಬುದೂ ನಮ್ಮ ಪದ್ಧತಿಯೇ. ಈ ಪ್ರವಾಸದ ಯೋಜನೆಯೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಕಾಲವನ್ನು ಆರಿಸುವುದೇ ಎಲ್ಲಕ್ಕಿಂತ ಮುಖ್ಯ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಕೊಯ್ಲಿನ ಸಂಭ್ರಮ. ಜನ ಹೆಚ್ಚಾಗಿ ಬರುವುದು ಆಗಲೇ. ಆದರೆ ಅಲ್ಲಿ ಬೇಸಗೆಯಲ್ಲಿ ಮಳೆಯಿಲ್ಲ. ಆದಕಾರಣ ಶರತ್ಕಾಲಕ್ಕೆ ಬೆಟ್ಟದ ಹುಲ್ಲು ಗರಿಗರಿಯಾಗಿ ಒಣಗಿರುವಾಗಲೇ ಈಶಾನ್ಯದಿಂದ ಡಯಾಬ್ಲೋ ಎಂಬ ಒಣಗಾಳಿ ಬೀಸುವುದು. ವೃದ್ಧರೂ ಮಕ್ಕಳೂ ಇರುವ ಸಂಸಾರಕ್ಕೆ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಕಾಲ ಲೇಸು. ಫೆಬ್ರವರಿಯಲ್ಲಿ ದ್ರಾಕ್ಷಿಯ ಸಾಲುಗಳ ನಡುವೆ ಸಾಸಿವೆಯ ಹಳದಿ ಹೂವು ತುಂಬಿರುವುದು. ಮಾರ್ಚಿಯಲ್ಲಿ ಬಳ್ಳಿ ಚಿಗುರುವುದು. ಮೇಲಾಗಿ ಆ ದಿನಗಳಲ್ಲಿ ಬರುವವರು ಕಡಮೆಯಾದುದರಿಂದ, ನಿಮ್ಮ ಹಣ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು. ಜೋರು ಮಳೆಯ ದಿನ ಮಾತ್ರ ಸುಟ್ಟ ಬೆಟ್ಟದ ಬುಡದ ದಾರಿಗಳನ್ನು ಬಿಡಬೇಕು. ಬೇರು ಸತ್ತ ಮಣ್ಣು ಕುಸಿಯುವುದುಂಟು.

ಬಂಡಿಯು ಚಿಕ್ಕದಾದಷ್ಟೂ ಒಳ್ಳೆಯದು. ನಾಪಾ ಕಣಿವೆಯಲ್ಲಿ 29ನೆಯ ಹೆದ್ದಾರಿಯೂ ಅದಕ್ಕೆ ಸಮನಾಗಿ ಸಾಗುವ ಸಿಲ್ವರಾಡೋ ದಾರಿಯೂ ಸುಗಮವಾಗಿರುವುವು. ನಾಪಾದಿಂದ ಸೊನೋಮಾ ಕಣಿವೆಗೆ ಬೆಟ್ಟ ಹತ್ತಿ ಇಳಿಯುವ ಓಕ್‌ವಿಲ್ ಘಟ್ಟದ ಮಾರ್ಗವು ಕಡಿದಾಗಿಯೂ ಇಕ್ಕಟ್ಟಾಗಿಯೂ ಇರುವುದರಿಂದ ಮನೆಬಂಡಿಗೆ ತಕ್ಕುದಲ್ಲ. ದಕ್ಷಿಣದ ಬಯಲಿನಿಂದ ಸುತ್ತಿಹೋಗುವುದು ಮೇಲು. ತಂಗುವುದಕ್ಕೆ ಬಾತ್-ನಾಪಾ, ಶುಗರ್‌ಲೋಫ್ ರಿಜ್ ಎಂಬ ಸರಕಾರಿ ಉದ್ಯಾನಗಳುಂಟು. ಅಲ್ಲಿ ಬಂಡಿಯ ಉದ್ದಕ್ಕೆ ಮಿತಿಯಿರುವುದರಿಂದ, ಬಂಡಿಯನ್ನು ಬಾಡಿಗೆಗೆ ಹಿಡಿಯುವ ಮೊದಲೇ ವಿಚಾರಿಸತಕ್ಕದ್ದು. ಶುಗರ್‌ಲೋಫ್ ಉದ್ಯಾನದ ಐದರಲ್ಲಿ ನಾಲ್ಕು ಪಾಲು 2017ರಲ್ಲಿ ಸುಟ್ಟು, 2020ರಲ್ಲಿ ಮತ್ತೆ ಬೆಂಕಿಗೆ ಸಿಕ್ಕಿತು. ಸುಟ್ಟ ಕಾಡು ಹೇಗೆ ಮರಳಿ ಬರುವುದೆಂಬುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ.

ಇನ್ನು ಬೆಂಕಿಯನ್ನು ನಾವೇ ಹೊತ್ತು ತರಕೂಡದಷ್ಟೆ. 2018ರ ಜುಲೈ 23ರಂದು ಅದೇ ರಾಜ್ಯದ ಉತ್ತರಭಾಗದ ರೆಡಿಂಗ್ ಊರಿನ ಬಳಿ, ಮೋಟಾರಿನ ಹಿಂದೆ ಎಳೆದೊಯ್ಯುತ್ತಿದ್ದ ಒಂದು ಮನೆಬಂಡಿಯ ಚಕ್ರದ ರಬ್ಬರು ಒಡೆದು, ಕಬ್ಬಿಣದ ಅಂಚು ದಾರಿಗೆ ಉಜ್ಜಿ ಹಾರಿದ ಕಿಡಿಯಿಂದ ಕಾರ್ ಎಂಬ ಬೆಂಕಿ ಹುಟ್ಟಿತು. ಅದು ಎಂಟು ಪ್ರಾಣಗಳನ್ನೂ ಸಾವಿರಕ್ಕೂ ಹೆಚ್ಚು ಮನೆಗಳನ್ನೂ ತೆಗೆದುಕೊಂಡಿತು. ಆದುದರಿಂದ ಪ್ರತಿದಿನ ಬೆಳಗ್ಗೆ ಚಕ್ರಗಳ ಗಾಳಿಯನ್ನು ನೋಡುವುದು, ಸರಪಳಿ ನೆಲಕ್ಕೆ ತಾಕದಂತೆ ಕಟ್ಟುವುದು, ಒಣಹುಲ್ಲಿನ ಮೇಲೆ ಬಿಸಿ ಬಂಡಿಯನ್ನು ನಿಲ್ಲಿಸದಿರುವುದು, ಇವು ಸಣ್ಣ ವಿಷಯಗಳಲ್ಲ. ಬಯಲಿನಲ್ಲಿ ಬೆಂಕಿ ಹಾಕಬಾರದೆಂದು ಆಜ್ಞೆಯಿರುವಾಗ, ಚಳಿ ಎಷ್ಟಿದ್ದರೂ ಹಾಕಕೂಡದು.

ಬೇಸಗೆಯಲ್ಲಾಗಲಿ ಶರತ್ಕಾಲದಲ್ಲಾಗಲಿ ಹೋಗಲೇಬೇಕಾದವರು ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು. ಹವಾಮಾನದ ಇಲಾಖೆಯವರು 'ಕೆಂಪು ಬಾವುಟ'ದ ಎಚ್ಚರಿಕೆ ಹೊರಡಿಸಿದರೆ ಅಂದು ಬೆಟ್ಟದ ಕಡೆ ತಂಗಬೇಡಿ. ಎಣ್ಣೆಯ ತೊಟ್ಟಿ ಅರ್ಧಕ್ಕಿಂತ ಕೆಳಗಿಳಿಯದಿರಲಿ. ಗಾಳಿಯ ದಿನಗಳಲ್ಲಿ ವಿದ್ಯುತ್ತನ್ನು ನಿಲ್ಲಿಸುವುದುಂಟು, ಆಗ ಎಣ್ಣೆ ತುಂಬುವ ಯಂತ್ರವೂ ನಡೆಯದು. ಅಲ್ಲಿ ಜಿಲ್ಲೆಯನ್ನು ವಲಯಗಳಾಗಿ ವಿಂಗಡಿಸಿರುವರು. ನೀವು ತಂಗಿದ ವಲಯದ ಹೆಸರನ್ನೂ ಹೊರಹೋಗುವ ಎರಡು ದಾರಿಗಳನ್ನೂ ಕಾಗದದ ಮೇಲೆ ಬರೆದಿಡಿ. ರಾತ್ರಿ ಮಲಗುವಾಗ ಬಂಡಿಯ ಮುಖ ದಾರಿಯ ಕಡೆಗಿರಲಿ, ಬೀಗದ ಕೈ ತಲೆದೆಸೆಯಲ್ಲಿರಲಿ. ಸ್ಥಳ ಬಿಡಲು ಸಿದ್ಧರಾಗಿರೆಂದು ಮೊದಲನೆಯ ಎಚ್ಚರಿಕೆ ಬಂದೊಡನೆಯೇ ಹೊರಟುಬಿಡಿ. ಕಟ್ಟಾಜ್ಞೆಗಾಗಿ ಕಾದರೆ ಆ ದೊಡ್ಡ ಬಂಡಿ ಇಕ್ಕಟ್ಟಿನ ದಾರಿಯಲ್ಲಿ ಊರವರಿಗೇ ಅಡ್ಡವಾದೀತು.

ಮದ್ಯವನ್ನು ಮುಟ್ಟದ ಗೃಹಸ್ಥರು ತಮಗೆ ಅಲ್ಲೇನು ಕೆಲಸವೆಂದು ಸಂಕೋಚಪಡಬೇಕಾದುದಿಲ್ಲ. ಆಲಿವ್ ಎಣ್ಣೆ, ಹಣ್ಣು, ಜೇನು, ತರಕಾರಿಗಳು ಧಾರಾಳವಾಗಿ ದೊರೆಯುವುವು. ತೋಟದ ಕ್ರಮವೇ ನೋಡತಕ್ಕದ್ದು. ಮೊದಲೇ ಫೋನು ಮಾಡಿ, ಬಂಡಿ ನಿಲ್ಲಿಸಲು ಸ್ಥಳವಿದೆಯೆ ಎಂದು ಕೇಳಿ ಹೋಗಿ. ಕುಡಿಯುವವರು ಇದ್ದರೆ, ಬಂಡಿ ನಡೆಸುವವನು ಮಾತ್ರ ಅಂದು ಹನಿಯನ್ನೂ ಮುಟ್ಟಕೂಡದು.

ಕಡೆಯದಾಗಿ ಒಂದು ಮಾತು. ದಾರಿಯ ಪಕ್ಕದಲ್ಲಿ ಮನೆಯಿಲ್ಲದ ಅಡಿಪಾಯವೂ ಒಂಟಿಯಾಗಿ ನಿಂತ ಹೊಗೆಗೂಡೂ ಕಂಡಲ್ಲಿ ಇಳಿದು ಚಿತ್ರ ತೆಗೆಯಬೇಡಿ. ಅದು ಒಬ್ಬರ ಅಡಿಗೆಮನೆಯಾಗಿದ್ದ ಜಾಗ. ಆ ದಿನಗಳ ಮಾತನ್ನು ಅವರಾಗಿ ಎತ್ತಿದರೆ ಕುಳಿತು ಕೇಳಿ. ಬೇಕಾದ ಅಕ್ಕಿ ಬೇಳೆಯನ್ನು ಮನೆಯಿಂದ ಒಯ್ದರೂ, ಹಾಲು ತರಕಾರಿ ಹಣ್ಣುಗಳನ್ನು ಆ ಊರಿನ ಅಂಗಡಿಯಲ್ಲಿಯೇ ಕೊಳ್ಳಿ.