ಕೊಬ್ಬು ತಡೆಯುವ ಮಾತ್ರೆ, ಹೆಣ್ಣಿನ ನಡಿಗೆ ತಡೆಯುವ ಊರು

ಹೆಣ್ಣು ನೋಡಲು ಬಂದವರು ಹಿಂದೆ ಬಣ್ಣ ನೋಡುತ್ತಿದ್ದರು, ಬಂಗಾರ ಕೇಳುತ್ತಿದ್ದರು. ಈಗ ತೂಕವನ್ನೂ ಅಳೆಯುತ್ತಾರೆ. ವಿಜಯಪುರ, ಬಬಲೇಶ್ವರ, ತಿಕೋಟಾ ಸೀಮೆಯ ಮನೆಗಳಲ್ಲಿ ಈ ಮಾತು ನೇರವಾಗಿ ಬರುವುದಿಲ್ಲ. ಚಹಾ ಕುಡಿದು, ಚೂಡಾ ತಿಂದು, ಇನ್ನೇನು ಏಳಬೇಕು ಎನ್ನುವ ಹೊತ್ತಿಗೆ ಬರುತ್ತದೆ: "ಹುಡುಗಿ ಚಲೋ ಅದಾಳ್ರೀ, ಎಲ್ಲಾ ಒಪ್ಪಿಗಿ ಐತಿ. ಲಗ್ನದೊಳಗ ಸ್ವಲ್ಪ ಮೈ ಇಳಿಸಿದ್ರ ಆತು." ಒಂದು ಮನೆಯಲ್ಲಿ ಅದು ಲಗ್ನ, ಇನ್ನೊಂದು ಮನೆಯಲ್ಲಿ ನಿಕಾಹ್. ಮಾತು ಮಾತ್ರ ಎರಡೂ ಕಡೆ ಒಂದೇ. ಅದೇ ಕೋಣೆಯಲ್ಲಿ ಕೂತ ಹುಡುಗನ ಹೊಟ್ಟೆ ಅಂಗಿಯ ಗುಂಡಿಯನ್ನು ಹಿಂಸಿಸುತ್ತಿದ್ದರೂ ಅದನ್ನು ಯಾರೂ ಎತ್ತುವುದಿಲ್ಲ. ಗಂಡಸಿನ ಹೊಟ್ಟೆ ನಮ್ಮ ಕಡೆ ಉಂಡುಟ್ಟ ಮನೆತನದ ಗುರುತು.

ಅಲ್ಲಿಂದ ಮುಂದಿನ ದಾರಿ ಔಷಧಿ ಅಂಗಡಿಗೆ. "ಕೊಬ್ಬು ಹೊರಗೆ ಹೋಗುವ ಗುಳಿಗಿ" ಎಂದರೆ ಸಾಕು, ಕೊಡುವವನು ಚೀಟಿ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಯಾರಿಗೆ ಎಂದೂ ಕೇಳುವುದಿಲ್ಲ. ಹೀಗೆ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯ ಹೆಸರು ಬೇಡ. ಒಂದು ಅಂಗಡಿಯನ್ನು ಬೈದು ಮುಗಿಸುವ ವಿಷಯ ಇದಲ್ಲ.

ಈ ಗುಳಿಗೆಯ ಹೆಸರು ಆರ್ಲಿಸ್ಟ್ಯಾಟ್. ಮೊದಲೇ ಹೇಳಿಬಿಡುತ್ತೇನೆ, ನಾನು ಇದರ ವೈರಿಯಲ್ಲ. ಇದು ಮೋಸದ ಮದ್ದಲ್ಲ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಸೂಕ್ಷ್ಮಜೀವಿಯಿಂದ 1980ರ ದಶಕದಲ್ಲಿ ರೋಷ್ ಕಂಪನಿಯ ವಿಜ್ಞಾನಿಗಳು ಬೇರ್ಪಡಿಸಿದ ಲಿಪ್‌ಸ್ಟ್ಯಾಟಿನ್ ಎಂಬ ವಸ್ತು ಇದರ ಮೂಲ. 1999ರಲ್ಲಿ ಝೆನಿಕಾಲ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಪರವಾನಗಿ ಸಿಕ್ಕಿತು. ನಾವು ತಿಂದ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ಇದ್ದ ಹಾಗೆಯೇ ರಕ್ತಕ್ಕೆ ಸೇರಲಾರವು. ಮೇದೋಜೀರಕ ಗ್ರಂಥಿಯಿಂದ ಬರುವ ಲೈಪೇಸ್ ಎಂಬ ಕಿಣ್ವ ಅವನ್ನು ಕತ್ತರಿಸಿ ಸಣ್ಣದು ಮಾಡಬೇಕು. ಆರ್ಲಿಸ್ಟ್ಯಾಟ್ ಆ ಕತ್ತರಿಯ ಬಾಯಿಗೆ ಅಂಟಿಕೊಂಡು ಅದನ್ನು ಮೊಂಡು ಮಾಡುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು ನೂರಕ್ಕೆ ಮೂವತ್ತು ಭಾಗ ಕತ್ತರಿಸಿಕೊಳ್ಳದೆ, ಜೀರ್ಣವಾಗದೆ, ಮಲದೊಂದಿಗೆ ಹೊರಗೆ ಹೋಗುತ್ತದೆ. ಇದರ ಕೆಲಸ ಇಷ್ಟೇ. ಮೈಯಲ್ಲಿ ಆಗಲೇ ಕೂತಿರುವ ಕೊಬ್ಬನ್ನು ಇದು ಮುಟ್ಟುವುದಿಲ್ಲ, ಹಸಿವನ್ನೂ ಕಡಿಮೆ ಮಾಡುವುದಿಲ್ಲ. "ಕೊಬ್ಬು ಕರಗಿಸುವ ಗುಳಿಗಿ" ಎಂದು ಮಾರುವವನು ಹೇಳಿದರೆ ಅದು ಸುಳ್ಳು.

ಈಗ ಒಂದು ಲೆಕ್ಕ ಮಾಡೋಣ. ದಿನಕ್ಕೆ 60 ಗ್ರಾಂ ಕೊಬ್ಬು ತಿನ್ನುವ ಒಬ್ಬ ಹೆಣ್ಣುಮಗಳು ಮೂರು ಊಟಕ್ಕೆ ಮೂರು ಗುಳಿಗೆ ನುಂಗಿದಳು ಎನ್ನಿ. ಹೊರಗೆ ಹೋಗುವುದು 18 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ 162 ಕ್ಯಾಲೊರಿ. ನಮ್ಮ ಕಡೆಯ ಒಂದು ಜೋಳದ ರೊಟ್ಟಿಗೆ ಬೀಳುವ ಐವತ್ತು ಗ್ರಾಂ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಇಡೀ ದಿನ ಮೂರು ಸಲ ನುಂಗಿದ ದುಬಾರಿ ಮದ್ದಿನ ಫಲ ಒಂದು ರೊಟ್ಟಿ!

ಇನ್ನೂ ಒಂದು ಮಾತಿದೆ. ಜೋಳದ ರೊಟ್ಟಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಹಂಚಿನ ಮೇಲೆ ನೀರು ಸವರಿ ಬೇಯಿಸುವ ರೊಟ್ಟಿ ಅದು, ಎಣ್ಣೆಯ ಮುಖ ನೋಡಿದ್ದಲ್ಲ. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಉಸುಳಿ ತಿಂದವಳ ಹೊಟ್ಟೆಯಲ್ಲಿ ಈ ಗುಳಿಗೆಗೆ ಕೆಲಸವೇ ಇಲ್ಲ. ಅನ್ನ, ಸಕ್ಕರೆ ಹಾಕಿದ ಚಹಾ, ಬಿಸ್ಕೀಟು, ಬೆಲ್ಲದ ಹೂರಣ, ತಂಪು ಪಾನೀಯದ ಬಾಟಲಿ ಇವುಗಳ ಪಿಷ್ಟ, ಸಕ್ಕರೆಗಳ ಮುಂದೆ ಇದು ಕೈಕಟ್ಟಿ ನಿಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2025ರಲ್ಲಿ ಹೇಳಿದ್ದು ಇದನ್ನೇ: ನಮ್ಮ ದೇಶದವರ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಬರುವುದು ಪಿಷ್ಟದಿಂದ, ಅದರಲ್ಲಿ ದೊಡ್ಡ ಪಾಲು ಪಾಲಿಶ್ ಮಾಡಿದ ಅಕ್ಕಿ, ಬೀಸಿದ ಧಾನ್ಯ, ಸಕ್ಕರೆ. ಬೆಣ್ಣೆ, ಚೀಸ್, ಮಾಂಸ ಹೆಚ್ಚು ತಿನ್ನುವ ದೇಶಗಳಲ್ಲಿ ಈ ಮದ್ದು ತಡೆಯುವಷ್ಟನ್ನು ನಮ್ಮ ತಟ್ಟೆಯಲ್ಲಿ ತಡೆಯುತ್ತದೆ ಎಂದು ನಂಬುವುದು ಹೇಗೆ?

ಮದ್ದಿನ ಪರ ಇರುವವರು ಸ್ವೀಡನ್ನಿನ ಅಧ್ಯಯನವನ್ನು ತೋರಿಸುತ್ತಾರೆ. ತೋರಿಸಲಿ. 2004ರಲ್ಲಿ ಪ್ರಕಟವಾದ ಕ್ಸೆಂಡೋಸ್ ಎಂಬ ಅಧ್ಯಯನದಲ್ಲಿ 3305 ಜನರನ್ನು ನಾಲ್ಕು ವರ್ಷ ಗಮನಿಸಿದರು. ಗುಳಿಗೆ ನುಂಗಿದವರು ನಾಲ್ಕು ವರ್ಷದ ಕೊನೆಗೆ ಸರಾಸರಿ 5.8 ಕೆ.ಜಿ. ಇಳಿದಿದ್ದರು, ಹುಸಿ ಗುಳಿಗೆ ನುಂಗಿದವರು 3 ಕೆ.ಜಿ. ಸಕ್ಕರೆ ಕಾಯಿಲೆಗೆ ಬಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 6.2, ಎರಡನೆಯದರಲ್ಲಿ 9. ಇದು ಸಣ್ಣ ಲಾಭವಲ್ಲ, ನಾನು ಒಪ್ಪುತ್ತೇನೆ. ಆದರೆ ಹುಸಿ ಗುಳಿಗೆಯವರು ಆ ಮೂರು ಕಿಲೊ ಇಳಿದದ್ದು ಹೇಗೆ? ಎರಡೂ ಗುಂಪಿಗೆ ಊಟ ಕಡಿಮೆ ಮಾಡಲು ಹೇಳಿದ್ದರು, ದಿನಕ್ಕೆ ಕನಿಷ್ಠ ಒಂದು ಕಿಲೋಮೀಟರ್ ಹೆಚ್ಚಿಗೆ ನಡೆಯಲು ಹೇಳಿದ್ದರು. ಅಂದರೆ ಮದ್ದಿನ ಹೆಸರಿಗೆ ಬರೆದ ಇಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಊಟದ್ದು ಮತ್ತು ನಡಿಗೆಯದ್ದು. ಈ ಒಂದು ಕಿಲೋಮೀಟರಿನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ಮದ್ದು ಯಾರಿಗೆ ಎಂಬುದೂ ಮುಚ್ಚಿಟ್ಟ ವಿಷಯವಲ್ಲ. ಕಿಲೊದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ಬಿಎಂಐ ಎನ್ನುತ್ತಾರೆ. ಪಶ್ಚಿಮದಲ್ಲಿ ಇದು 30 ದಾಟಿದವರಿಗೆ, ಅಥವಾ ಸ್ವಲ್ಪ ಕಡಿಮೆಯಿದ್ದೂ ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ. ನಮ್ಮ ಮೈಕಟ್ಟಿಗೆ ಆ ಗೆರೆ ಸರಿಹೋಗದು ಎಂದು ಭಾರತೀಯ ತಜ್ಞರು 2009ರಲ್ಲಿ ಮದ್ದಿನ ಗೆರೆಯನ್ನು 27ಕ್ಕೆ, ಕಾಯಿಲೆ ಜೊತೆಗಿದ್ದರೆ 25ಕ್ಕೆ ಇಳಿಸಿದರು. 155 ಸೆಂ.ಮೀ. ಎತ್ತರದ ಹುಡುಗಿಗೆ 27 ಎಂದರೆ ಸುಮಾರು 65 ಕಿಲೊ. ಲಗ್ನಕ್ಕೆಂದು ಗುಳಿಗೆ ನುಂಗುವ ನಮ್ಮ ಹುಡುಗಿಯರಲ್ಲಿ ಎಷ್ಟೋ ಜನ 58, 60 ಕಿಲೊದವರು. ಅವರಿಗೆ ಕಾಯಿಲೆ ಇಲ್ಲ. ಬೀಗರ ಕಣ್ಣೇ ಅವರ ಕಾಯಿಲೆ.

ಹಾಗಿದ್ದರೂ ಅನುಭವಿಸಬೇಕಾದವರು ಅವರೇ. ಜೀರ್ಣವಾಗದ ಎಣ್ಣೆ ಎಲ್ಲಿಗೆ ಹೋಗಬೇಕು? ಬಟ್ಟೆಗೆ ಎಣ್ಣೆಯ ಕಲೆ, ತಡೆಯಲಾಗದ ಅವಸರ, ಗಾಳಿ ಬಿಟ್ಟರೂ ಜೊತೆಗೆ ಎಣ್ಣೆ. ಇವೆಲ್ಲ ಕಂಪನಿಯೇ ಮದ್ದಿನ ಚೀಟಿಯಲ್ಲಿ ಅಚ್ಚು ಹಾಕಿಸಿದ ಮಾತುಗಳು. ಶೇಂಗಾ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿಯನ್ನೋ ಶಾದಿಮನೆಯ ಬಿರಿಯಾನಿಯನ್ನೋ ತಿಂದು, ಗುಳಿಗೆ ನುಂಗಿ, ಬಬಲೇಶ್ವರದಿಂದ ವಿಜಯಪುರದ ಕಾಲೇಜಿಗೆ ಬಸ್ಸು ಹತ್ತಿದ ಹುಡುಗಿಯ ಪಾಡನ್ನು ಯೋಚಿಸಿ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೀಟು ಇಲ್ಲ, ಒಳ್ಳೆಯದೇ ಆಯಿತು. ಆದರೆ ದಾರಿಯಲ್ಲಿ ಇಳಿದು ಹೋಗಲು ಒಂದು ಚೊಕ್ಕ ಶೌಚಾಲಯ ಎಲ್ಲಿದೆ? "ಅಡ್ಡಪರಿಣಾಮ ಅಷ್ಟೇನಿಲ್ಲ" ಎಂದು ನಗುತ್ತ ಹೇಳುವ ವೈದ್ಯರ ಕೋಣೆಗೆ ಹೊಂದಿಕೊಂಡೇ ಶೌಚಾಲಯ ಇರುತ್ತದೆ.

ಅವಮಾನ ನುಂಗಬಹುದು ಎನ್ನುವವರಿಗೆ ಬೇರೆ ಸಂಗತಿಗಳಿವೆ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನ ಬೆನ್ನೇರಿಯೇ ಮೈಗೆ ಸೇರುವುದು. ಕೊಬ್ಬು ಹೊರಗೆ ಹೋದರೆ ಅವೂ ಹೋಗುತ್ತವೆ. ದಿನವಿಡೀ ಮನೆಯೊಳಗೇ ಇದ್ದು ಬಿಸಿಲು ಕಾಣದ ಹೆಣ್ಣುಮಕ್ಕಳಲ್ಲಿ ಡಿ ಜೀವಸತ್ವ ಮೊದಲೇ ಕಡಿಮೆ, ಇದರ ಮೇಲೆ ಈ ಕಳವು. ಅದಕ್ಕೇ ಮಲಗುವಾಗ ಬೇರೆ ಜೀವಸತ್ವದ ಗುಳಿಗೆ ತಗೊಳ್ಳಬೇಕು ಎಂಬ ಸೂಚನೆ ಇದೆ. ಅದನ್ನು ಹೇಳಿಕೊಡುವವರು ಯಾರು? ಥೈರಾಯ್ಡ್ ಗುಳಿಗೆ ತಿನ್ನುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಫಿಟ್ಸ್ ಮದ್ದು ತಿನ್ನುವವರು, ರಕ್ತ ತೆಳುಮಾಡುವ ಮದ್ದಿನವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಪಿತ್ತ ಸರಿಯಾಗಿ ಹರಿಯದವರಿಗೆ ಕೊಡಲೇಬಾರದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳು ಆಗಬಹುದು. ಅಪರೂಪವಾದರೂ ಯಕೃತ್ತಿಗೆ ತೀವ್ರ ಹಾನಿಯಾದ ವರದಿಗಳಿವೆ ಎಂದು 2010ರಲ್ಲಿ ಅಮೆರಿಕದ ಔಷಧ ಇಲಾಖೆ ಚೀಟಿಯಲ್ಲಿ ಎಚ್ಚರಿಕೆ ಸೇರಿಸಿತು. ಬಸುರಿಯರಿಗಂತೂ ಇದು ಸಲ್ಲದು. ಲಗ್ನಕ್ಕೆ ಮೂರು ತಿಂಗಳು ಮುಂಚೆ ಶುರುಮಾಡಿ ಲಗ್ನವಾದ ಮೇಲೂ "ಇನ್ನೊಂದು ಡಬ್ಬಿ ಐತೆಲ್ಲ" ಎಂದು ಮುಂದುವರಿಸುವ ಮದುಮಗಳಿಗೆ ಈ ಮಾತನ್ನು ಹೇಳಬೇಕಾದವನು ಚೀಟಿ ಕೇಳದೆ ಗುಳಿಗೆ ಕೊಟ್ಟವನೇ ಅಲ್ಲವೆ?

ನಮ್ಮ ಸಮಾಜದ ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. ಕ್ಯಾಪ್ಸೂಲಿನ ಮೇಲಿನ ಜಿಲೆಟಿನ್ ಹಲಾಲೋ ಹರಾಮೋ ಎಂದು ಫೋನು ಮಾಡಿ ಕೇಳುವವರಿದ್ದಾರೆ. ಕೇಳಲಿ, ಅದು ಅವರ ಹಕ್ಕು. ಸಿಪ್ಪೆಯ ಬಗ್ಗೆ ಇರುವ ಈ ಎಚ್ಚರದಲ್ಲಿ ಕಾಲುಭಾಗ ಒಳಗಿನ ತಿರುಳಿನ ಬಗ್ಗೆಯೂ ಇದ್ದಿದ್ದರೆ!

ಇಂಗ್ಲಿಷ್ ಮದ್ದು ಬೇಡ, ಗಿಡಮೂಲಿಕೆ ಸಾಕು ಎನ್ನುವವರು ಈ ಟೀಕೆ ಓದಿ ಹಿಗ್ಗಬೇಕಾಗಿಲ್ಲ. ಅವರ ಅಂಗಡಿ ಇನ್ನೂ ಕೆಟ್ಟದ್ದು. ಈ ಗುಳಿಗೆಗೆ ಕನಿಷ್ಠ ಒಂದು ಚೀಟಿಯಿದೆ, ತನ್ನ ದೋಷವನ್ನು ತಾನೇ ಅದರಲ್ಲಿ ಹೇಳಿಕೊಳ್ಳುತ್ತದೆ. ಡಬ್ಬಿಯ ಮೇಲೆ ಎಲೆಯ ಚಿತ್ರ ಹಾಕಿ ಮಾರುವ ಪುಡಿಗಳಿಗೆ ಅದೂ ಇಲ್ಲ. ಸಿಬುಟ್ರಮಿನ್ ಎಂಬ ಹಸಿವು ಕೊಲ್ಲುವ ಮದ್ದು ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಯುರೋಪು, ಅಮೆರಿಕಗಳ ಮಾರುಕಟ್ಟೆಯಿಂದ ಹೋಯಿತು, 2011ರಲ್ಲಿ ಭಾರತ ಸರ್ಕಾರವೂ ನಿಷೇಧಿಸಿತು. "ನೂರಕ್ಕೆ ನೂರು ನೈಸರ್ಗಿಕ" ಎಂದು ಬರೆದುಕೊಂಡ ತೂಕ ಇಳಿಸುವ ಪುಡಿ, ಗುಳಿಗೆಗಳಲ್ಲಿ ಇದೇ ಸಿಬುಟ್ರಮಿನ್ ಅಡಗಿರುವುದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಹಿಡಿದಿದೆ. ಗೋಡೆಗೆ ಅಂಟಿಸುವ ಆ ಬಣ್ಣದ ಚೀಟಿಗಳಂತೂ ನೇರ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ, ಯಾವ ಯಾವ ಕಾಯಿಲೆಗೆ ಮದ್ದಿದೆ ಎಂದು ಜಾಹೀರಾತು ಕೊಡಬಾರದು ಎಂದು ಪಟ್ಟಿಯನ್ನೇ ಕೊಟ್ಟಿದೆ. ಬೊಜ್ಜು ಆ ಪಟ್ಟಿಯಲ್ಲಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು. ಕಾಯಿದೆಗೆ ಎಪ್ಪತ್ತು ವರ್ಷ ದಾಟಿತು. ಚೀಟಿಗಳು ಬಸ್ ನಿಲ್ದಾಣದ ಕಂಬದ ಮೇಲೆ ಹಾಯಾಗಿವೆ.

2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ಭಾರತಕ್ಕೆ ಬಂದವು. ಆರ್ಲಿಸ್ಟ್ಯಾಟಿಗಿಂತ ಬಹಳ ಬಲವಾದ ಮದ್ದುಗಳು, ನಿಜವಾದ ರೋಗಿಗಳಿಗೆ ವರವೇ ಆಗಬಹುದು. ಆದರೆ ಬೀಗರ ಕಣ್ಣಿಗಾಗಿ ಗುಳಿಗೆ ನುಂಗಿಸಿದ ಮನೆ ನಾಳೆ ಅದೇ ಕಣ್ಣಿಗಾಗಿ ಸೂಜಿ ಚುಚ್ಚಿಸುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

"ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಬೇಕಿತ್ತೇನ್ರಿ? ಈಗಿನವರು ಮೈಗಳ್ಳರು" ಎಂದು ತೀರ್ಪು ಕೊಡುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅಜ್ಜಿಯಂದಿರು ತೆಳ್ಳಗಿದ್ದುದು ಹೊಟ್ಟೆಗೆ ಇಲ್ಲದ್ದರಿಂದ. 1876-78ರ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆ ಹೆಣಗಳನ್ನು ಎಣಿಸಿದೆ. 1972ರ ಬರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೈಲಿಗಟ್ಟಲೆ ಕೊಡ ಹೊತ್ತ ಆ ಸೊಂಟಗಳನ್ನು ಆರೋಗ್ಯದ ಮಾದರಿ ಎನ್ನುವುದು ಕ್ರೌರ್ಯ. ಈಗಲೂ ಕಥೆ ನೇರವಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 30 ಜನ ಮಿತಿಮೀರಿದ ತೂಕದವರು, 17 ಜನ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು, 48ರಷ್ಟು ಜನಕ್ಕೆ ರಕ್ತಹೀನತೆ. ದಪ್ಪ ಕಾಣುವವಳ ರಕ್ತವೂ ತೆಳುವಾಗಿರಬಹುದು. ಗಂಡಸರಲ್ಲೂ ತೂಕ ಮೀರಿದವರು ನೂರಕ್ಕೆ 30ರ ಮೇಲೇ ಇದ್ದಾರೆ. ಅವರಿಗೆ ಯಾವ ಬೀಗರು ಗುಳಿಗೆ ತೋರಿಸಿದರು?

ಕೊಡ ಇಳಿಯಿತು, ನಲ್ಲಿ ಬಂತು, ಮಿಕ್ಸರ್ ಬಂತು. ಬರಲೇಬೇಕಿತ್ತು. ಮೈಗೆ ಕೆಲಸ ತಪ್ಪಿದ ಮೇಲೆ ಅದರ ಜಾಗಕ್ಕೆ ನಡಿಗೆ ಬರಬೇಕಿತ್ತು, ಅದು ಬರಲಿಲ್ಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರವನ್ನೇ ತಗೊಳ್ಳಿ. ಗೋಲಗುಂಬಜದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನ ಕಾಲದ ದೊಡ್ಡ ಕೆರೆ ಅಲ್ಲಿದೆ. ಬಹಳ ವರ್ಷ ಒಣಗಿದ್ದ ಕೆರೆಗೆ ಈಗ ಕೃಷ್ಣೆಯ ನೀರು ಬಂದಿದೆ. ಸಂಜೆಯ ಗಾಳಿಗೆ ಕೆರೆಯ ಏರಿಗಿಂತ ಚಂದದ ಜಾಗ ಈ ಸೀಮೆಯಲ್ಲಿ ಬೇರೆ ಯಾವುದಿದೆ? ಗಂಡಸರು ಹೋಗುತ್ತಾರೆ, ಹುಡುಗರು ಬೈಕು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಕೈಯಲ್ಲಿ ಬುಟ್ಟಿಯಿಲ್ಲದೆ, ಹೊಲದ ಕೆಲಸವಿಲ್ಲದೆ, ಸುಮ್ಮನೆ ಮೈಗೆ ಒಳ್ಳೆಯದೆಂದು ಒಬ್ಬ ಹೆಣ್ಣುಮಗಳು ನಡೆಯಲು ಹೊರಟರೆ ಮೂರು ಮನೆ ದಾಟುವುದರೊಳಗೆ ಪ್ರಶ್ನೆ ಬರುತ್ತದೆ: "ಎಲ್ಲಿಗಿ ಹೊಂಟೀಯವಾ? ಜೋಡಿ ಯಾರದಾರ?" ಬುರ್ಖಾ ತೊಟ್ಟವಳಿಗೂ ಸೆರಗು ಹೊದ್ದವಳಿಗೂ ಇದೇ ಪ್ರಶ್ನೆ. ನಗರದ ಹೆಂಗಸರಿಗೆ ಗೋಲಗುಂಬಜದ ಆವರಣವಾದರೂ ಇದೆ. ಹಳ್ಳಿಯವಳು ಎರಡನೇ ದಿನ ಮನೆಯಲ್ಲಿ ಕೂರುತ್ತಾಳೆ, ಮೂರನೇ ದಿನ ಗುಳಿಗೆ ತರಿಸುತ್ತಾಳೆ.

ಸ್ವೀಡನ್ನಿನ ಆ ಒಂದು ಕಿಲೋಮೀಟರ್ ನಮ್ಮಲ್ಲಿ ಸಿಗದಿರುವುದು ಹೀಗೆ.

ನಿಜವಾಗಿ ಬೊಜ್ಜಿನಿಂದ ಬಳಲುವವರು, ಮಂಡಿ ನೋವು, ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಬಳಿ ಹೋಗಿ ಈ ಮದ್ದಿನ ಬಗ್ಗೆ ಕೇಳಲಿ, ಅಂಜಿಕೆ ಬೇಡ. ಬರೆದುಕೊಟ್ಟರೆ ಊಟದ ಜೊತೆ ಅಥವಾ ಉಂಡು ಒಂದು ಗಂಟೆಯೊಳಗೆ ತಗೊಳ್ಳಲಿ, ಎಣ್ಣೆಯಿಲ್ಲದ ಊಟಕ್ಕೆ ಬಿಡಲಿ. ಹನ್ನೆರಡು ವಾರದಲ್ಲಿ ನೂರಕ್ಕೆ ಐದು ಭಾಗ ತೂಕ ಇಳಿಯದಿದ್ದರೆ ನಿಲ್ಲಿಸಬೇಕೆಂಬುದು ಯುರೋಪಿನ ನಿಯಮ, ಅದನ್ನು ನಮ್ಮ ವೈದ್ಯರಿಗೂ ನೆನಪಿಸಲಿ. ಇನ್ನು ಹೆಣ್ಣು ನೋಡಲು ಹೋಗುವವರು ತೂಕದ ಮಾತೆತ್ತಿದರೆ ಹುಡುಗಿಯ ತಂದೆ ಹುಡುಗನನ್ನೂ ತಕ್ಕಡಿಗೆ ಹತ್ತಿಸಲಿ. ಮಮದಾಪುರದ ಪಂಚಾಯಿತಿ ಕೆರೆಯ ಏರಿಗೆ ನಾಲ್ಕು ದೀಪ, ಒಂದು ಶೌಚಾಲಯ ಮಾಡಿಸಲಿ. ಮಸೀದಿ ಕಮಿಟಿಯ ಹಿರಿಯರೂ ಗುಡಿ ಕಮಿಟಿಯ ಹಿರಿಯರೂ ಮೊದಲ ವಾರ ತಮ್ಮ ತಮ್ಮ ಮನೆಯ ಹೆಣ್ಣುಮಕ್ಕಳನ್ನೇ ಅಲ್ಲಿಗೆ ಕಳಿಸಲಿ, ಎಲ್ಲಿಗೆ ಎಂದು ಕೇಳದೆ.