ಐಫೆಲ್ ಗೋಪುರ ಗೊತ್ತು, ಹೇಮಕೂಟ ಗೊತ್ತಿಲ್ಲವೇ?

ಕನ್ನಡದ ಗೆಳೆಯರೇ, ನಿಮಗೊಂದು ಪರೀಕ್ಷೆ. ಐಫೆಲ್ ಗೋಪುರ ಎದ್ದು ನಿಂತದ್ದು ಯಾವಾಗ? 1889 ಎಂದು ಥಟ್ಟನೆ ಹೇಳುತ್ತೀರಿ. ಬಾಸ್ಟೀಲ್ ಸೆರೆಮನೆ ಜನರ ಕೈವಶವಾದದ್ದು? 1789ರ ಜುಲೈ 14. ಭೇಷ್! ಕ್ವಿಜ್ ಬಹುಮಾನ ನಿಮಗೇ ಇರಲಿ.

ಈಗ ಮನೆಯ ಪ್ರಶ್ನೆ. ಹಂಪಿಯ ಹೇಮಕೂಟದ ಮೇಲೆ ತ್ರಿಕೂಟ ಶಿವಾಲಯ ಕಟ್ಟಿಸಿದವನು ಯಾರು? ಯಾಕೆ, ಬಾಯಿ ಕಟ್ಟಿತೇ? ಅವನು ಕಂಪಿಲರಾಯ. ದಿಲ್ಲಿಯ ತುಘಲಕನ ಸೇನೆಯೆದುರು 1327ರಲ್ಲಿ ಕಾದಿ ಮಡಿದ ವೀರ. ಅವನ ಮಗ ಕುಮಾರರಾಮನ ಕಥೆಯನ್ನು ಸಂಡೂರು, ಕಂಪ್ಲಿ ಸೀಮೆಯ ಜನ ಮರೆತಿಲ್ಲ. ಮರೆತವರು ಓದಿದ ನಾವು!

ಫ್ರಾನ್ಸನ್ನು ಮರೆಯಿರಿ ಎಂದು ಹೇಳುತ್ತಿಲ್ಲ. ಸರಿಯಾಗಿ ತಿಳಿಯಿರಿ ಎನ್ನುತ್ತಿದ್ದೇನೆ. ಕೃಷ್ಣದೇವರಾಯ ಉದಯಗಿರಿಯಿಂದ ತಂದ ಬಾಲಕೃಷ್ಣನನ್ನು ಹಂಪಿಯಲ್ಲಿ ಪ್ರತಿಷ್ಠಾಪಿಸಿದ್ದು 1515ರಲ್ಲಿ. ಅದೇ ವರ್ಷ ಫ್ರಾನ್ಸಿನಲ್ಲಿ ಒಂದನೇ ಫ್ರಾನ್ಸಿಸ್ ಪಟ್ಟಕ್ಕೇರಿದ. ಪ್ರವಾಸಿಗರು ಮುಗಿಬೀಳುವ ಶಾಂಬೋರ್ ಅರಮನೆಯ ಕೆಲಸ 1519ರಲ್ಲಿ ಆರಂಭಿಸಿದವನು ಅವನೇ. ಆದರೆ ಅವನ ನಿಜವಾದ ಸ್ಮಾರಕ ಕಲ್ಲಿನದಲ್ಲ. ನ್ಯಾಯಾಲಯದ ತೀರ್ಪು, ಕಾಗದಪತ್ರ ಲ್ಯಾಟಿನ್‌ನಲ್ಲಲ್ಲ, ಫ್ರೆಂಚಿನಲ್ಲೇ ಇರಬೇಕೆಂದು 1539ರಲ್ಲಿ ಅವನು ಹೊರಡಿಸಿದ ಆಜ್ಞೆ! 1635ರಲ್ಲಿ ಭಾಷೆಗೆಂದೇ ಅಕಾಡೆಮಿ ಬಂತು. 1994ರ ಕಾನೂನಿನ ಪ್ರಕಾರ ಅಲ್ಲಿ ಜಾಹೀರಾತು, ಸರಕಿನ ಬಳಕೆಯ ವಿವರ ಎಲ್ಲದರಲ್ಲೂ ಫ್ರೆಂಚ್ ಇರಲೇಬೇಕು.

ನಮ್ಮಲ್ಲೂ ಕಾನೂನಿದೆ. 1963ರ ರಾಜಭಾಷಾ ಕಾಯ್ದೆ ಇದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂದಿದೆ. ಇಲ್ಲದ್ದು ಏನು? ನಮ್ಮ ನಾಲಿಗೆಯ ಮೇಲಿನ ಅಭಿಮಾನ! ಹೊಸಪೇಟೆಯ ಹೋಟೆಲಿಗೆ ಕಾಲಿಟ್ಟೊಡನೆ ಕನ್ನಡ ಬಿಟ್ಟು ಇಂಗ್ಲಿಷಿಗೆ ಜಾರುವವರು ಯಾರು? ಹೊರಗಿನವರೇ? ಎದೆ ಮುಟ್ಟಿ ಹೇಳಿ.

ಫ್ರಾನ್ಸಿನ ತಪ್ಪನ್ನೂ ತಿಳಿದಿರಿ. ಅಲ್ಲಿನ ಶಾಲೆಗಳಲ್ಲಿ ಬ್ರೆಟನ್ ಭಾಷೆಯಾಡಿದ ಮಕ್ಕಳನ್ನು ದಂಡಿಸಿ ಅವಮಾನ ಮಾಡುತ್ತಿದ್ದರು. ಆ ದಾರಿ ನಮಗೆ ಬೇಡ. ವಿಜಯನಗರದ ಅರಸರು ಕನ್ನಡ, ಸಂಸ್ಕೃತ, ತೆಲುಗು, ತಮಿಳಿನಲ್ಲಿ ಶಾಸನ ಹಾಕಿಸಿದವರು. ಕನ್ನಡ ಗಟ್ಟಿಯಾಗಲು ಪಕ್ಕದ ಮನೆಯ ಭಾಷೆ ಸಾಯಬೇಕಾಗಿಲ್ಲ.

ಫ್ರೆಂಚ್ ಕಲಿಯಬೇಕೇ? ಧಾರಾಳವಾಗಿ ಕಲಿಯಿರಿ! ಕನ್ನಡತಿ ವಸುಂಧರಾ ಫಿಲಿಯೋಜಾ ಫ್ರೆಂಚ್ ಕಲಿತು ಹಂಪಿಯನ್ನು ಮರೆಯಲಿಲ್ಲ. ವಿಜಯನಗರದ ಆರಂಭಕಾಲದ ಶಾಸನಗಳ ಬಗ್ಗೆ 1973ರಲ್ಲಿ ಫ್ರೆಂಚಿನಲ್ಲೇ ಗ್ರಂಥ ಪ್ರಕಟಿಸಿದರು. ನಮ್ಮ ಕಲ್ಲಿನ ಮಾತನ್ನು ಪ್ಯಾರಿಸ್ಸಿಗೆ ಮುಟ್ಟಿಸಿದರು. ಕಲಿಕೆ ಎಂದರೆ ಅದು!

ಹಂಪಿಯಲ್ಲಿ ಗೈಡ್ ಆಗುವ ತಮ್ಮಂದಿರೇ, ತಂಗಿಯರೇ, ಫ್ರೆಂಚ್ ಪ್ರವಾಸಿಗೆ ಫ್ರೆಂಚಿನಲ್ಲಿ ಕಥೆ ಹೇಳಿ, ನಾಲ್ಕು ಕಾಸು ಸಂಪಾದಿಸಿ. ಆದರೆ ಬುತ್ತಿ ಕಟ್ಟಿಕೊಂಡು ಬರುವ ಬಾಗಲಕೋಟೆಯ ರೈತನ ಮನೆಯವರಿಗೂ ಅದೇ ಕಥೆಯನ್ನು ಅಷ್ಟೇ ಮರ್ಯಾದೆಯಿಂದ ಕನ್ನಡದಲ್ಲಿ ಹೇಳಿ. ಈ ಊರು ಮೊದಲು ಅವರದು.

ಉಳಿದವರು ಬರುವ ಭಾನುವಾರ ಹೊಸಪೇಟೆಯಲ್ಲಿ ಬಸ್ಸು ಹತ್ತಿ. ಹಂಪಿ ಹದಿಮೂರೇ ಕಿಲೋಮೀಟರ್. ವಿರೂಪಾಕ್ಷನ ಗುಡಿಯಲ್ಲಿ ತಾಯಿ ಭುವನೇಶ್ವರಿಗೆ ಕೈಮುಗಿದು ಹೇಮಕೂಟ ಹತ್ತಿ, ಕಂಪಿಲರಾಯನ ಗುಡಿಯ ಮುಂದೆ ನಿಲ್ಲಿ. ಪ್ಯಾರಿಸ್ಸಿಗೆ ಆಮೇಲೆ ಹೋಗಿ. ಅಲ್ಲಿ ಯಾರಾದರೂ ‘ನಿಮ್ಮೂರಲ್ಲಿ ಏನಿದೆ?’ ಎಂದು ಕೇಳಿದರೆ ತಲೆ ತಗ್ಗಿಸುವಂತಾಗಬಾರದು!