ನೆರೆಯ ಲೆಕ್ಕ ಬರೆದಿಡುವವರು ಯಾರು?

ಮಳೆಗಾಲ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಒಂದೇ ನಾಟಕ. ಸೌಪರ್ಣಿಕೆ ಉಕ್ಕಿದರೆ ನಾವುಂದದ ಸಾಲ್ಬುಡ ಜಲಾವೃತವಾಗುತ್ತದೆ; ದೋಣಿ ಬರುತ್ತದೆ, ಅಧಿಕಾರಿಗಳು ಬರುತ್ತಾರೆ, ಪರಿಹಾರದ ಮಾತು ಬರುತ್ತದೆ. ನೀರಿಳಿದೊಡನೆ ಎಲ್ಲವೂ ಮರೆತುಹೋಗುತ್ತದೆ. 2020ರ ಸೆಪ್ಟೆಂಬರ್ 20ರಂದು ಸೀತಾ, ಸ್ವರ್ಣಾ ನದಿಗಳು ಉಕ್ಕಿದಾಗಲೂ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಕಾಡಿದಾಗಲೂ ಆಳುವವರಿಗೆ ಒದಗಿದ್ದು ಒಂದೇ ಪದ: 'ಅನಿರೀಕ್ಷಿತ'.

ಯಾರಿಗೆ ಅನಿರೀಕ್ಷಿತ? ಹಂಚಿನ ಕಾರ್ಖಾನೆಯ ಹಿರಿಯ ಕಾರ್ಮಿಕನಿಗಂತೂ ಅಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಈ ಉದ್ಯಮ, ಜೇಡಿಮಣ್ಣು ಮತ್ತು ದೋಣಿ ಸಾಗಾಟಕ್ಕಾಗಿ ನದೀತೀರಗಳನ್ನೇ ಹಿಡಿದು ಕುಂದಾಪುರದವರೆಗೂ ಹಬ್ಬಿತು. ಮಳೆಗೆ ಮೊದಲೇ ಮಣ್ಣು ಕೂಡಿಡಬೇಕು. ಹಸಿ ಹಂಚಿಗೆ ನೀರು ತಾಗಿದರೆ ಅದು ಮತ್ತೆ ಕೆಸರು. ನೆನೆದ ಭಟ್ಟಿ ಒಣಗುವವರೆಗೆ ಬೆಂಕಿಯಿಲ್ಲ, ಕೂಲಿಯೂ ಇಲ್ಲ. ಗೇರುಬೀಜದ ದಾಸ್ತಾನಿಗೆ ತೇವ ತಾಗಿ ಬೂಷ್ಟು ಹಿಡಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ಬೀಜ ಸುಲಿಯುವ ಹೆಂಗಸರು. ಯಾವ ನೆರೆ ಯಾವ ಗೋಡೆಯವರೆಗೆ ಬಂದಿತ್ತು, ಯಾವ ಸಾಮಾನು ಮೊದಲು ಮೇಲೇರಬೇಕು ಎಂಬುದನ್ನು ಇವರು ಬಲ್ಲರು. ಆ ತಿಳಿವು ಕಡತಕ್ಕೇರದೆ, ಒಂದೊಂದು ನಿವೃತ್ತಿಯೊಡನೆ, ಒಂದೊಂದು ಕಾರ್ಖಾನೆಗೆ ಬೀಳುವ ಬೀಗದೊಡನೆ ಅಳಿಯುತ್ತಿದೆ.

2011ರ ಭೂಕಂಪದಿಂದ ತತ್ತರಿಸಿದ ಜಪಾನಿನ ಟೊಯೋಟಾ, ಬಿಡಿಭಾಗಗಳ ಪೂರೈಕೆದಾರರ ವಿವರಗಳನ್ನು ಕಲೆಹಾಕಿ ಮಾಹಿತಿಕೋಶವನ್ನೇ ಕಟ್ಟಿತು. ಅಲ್ಲಿ ಅದಕ್ಕೆ 'ಜ್ಞಾನ ನಿರ್ವಹಣೆ' ಎಂಬ ಗೌರವ. ಇಲ್ಲಿ ಕಾರ್ಮಿಕನ ನೆನಪು ಬರಿಯ ಹರಟೆ!

2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲೆಗೊಂದು ಯೋಜನೆ ಇರಬೇಕೆನ್ನುತ್ತದೆ. ಆ ಯೋಜನೆಯನ್ನು ಘಟ್ಟದಿಂದ ಬರೆಯತೊಡಗಬೇಕು. ಸೌಪರ್ಣಿಕೆ ಕೊಡಚಾದ್ರಿಯ ಮಗಳು, ಸೀತೆ ಆಗುಂಬೆ ಸೀಮೆಯ ಮಗಳು. ಮೇಲೆ ಎಷ್ಟು ಮಳೆ ಬಿದ್ದರೆ ಎಷ್ಟು ಗಂಟೆಗಳಲ್ಲಿ ಕೆಳಗಿನ ಅಂಗಳಕ್ಕೆ ನೀರು ನುಗ್ಗುತ್ತದೆಂಬ ಲೆಕ್ಕವಿದ್ದರೆ, ಆ ಗಂಟೆಗಳೇ ಯಂತ್ರವನ್ನೂ ಕೂಲಿಯನ್ನೂ ಉಳಿಸಬಲ್ಲವು.

ಹಾಗಿದ್ದರೂ ಬರೆದಿಡಲು ಹಿಂಜರಿಕೆಯೇಕೆ? ಲೆಕ್ಕದ ಪುಸ್ತಕ ಹೊಣೆಯನ್ನೂ ಹೇಳುತ್ತದೆ. ಮಣ್ಣು ತೆಗೆದು ಹೊಂಡವಾದ ಗದ್ದೆ, ಮುಚ್ಚಿಹೋದ ತೋಡು, ಬೋಳಾದ ಗುಡ್ಡ ನೀರಿನ ದಾರಿಯನ್ನು ಹೇಗೆ ಬದಲಿಸಿದವೆಂಬುದು ಬಯಲಾಗುತ್ತದೆ. ಹಂಚಿನ ಉದ್ಯಮವೂ ಈ ಪ್ರಶ್ನೆಗೆ ಹೊರತಲ್ಲ. ಆದುದರಿಂದಲೇ ಆ ಪುಸ್ತಕ ಮಾಲೀಕನ ಕಪಾಟಿನಲ್ಲಲ್ಲ, ಗ್ರಾಮಸಭೆಯ ಮುಂದಿರಬೇಕು. ಬರೆಯುವ ಕೈ ಕಾರ್ಮಿಕರದಾಗಬೇಕು. ಗೋಡೆಯ ಮೇಲಿನ ನೆರೆಯ ಗೆರೆ ವರ್ಷದ ಅಂಕಿಯೊಡನೆ ಅಳಿಯದೆ ಉಳಿಯಬೇಕು. ಅಷ್ಟಾದರೂ ನೆರೆ ಬಂದೇ ಬಂದೀತು. ಆದರೆ ಅದನ್ನು 'ಅನಿರೀಕ್ಷಿತ' ಎಂದು ಕರೆದು ಯಾರೂ ನುಣುಚಿಕೊಳ್ಳಲಾಗದು.